ಕಡ ತಂದ ಹೆಡರ್

ಹೋದ ತಿಂಗಳು ಬೆಟಗೇರಿಯ ಒಂದು ಓಣಿಯಲ್ಲಿ ನಡೆದು ಹೋಗುತ್ತಿದ್ದೆ. ಸೀಮೆಎಣ್ಣೆಯ ವಾಸನೆ ಬಂತು. ಬರಿಯ ಸೀಮೆಎಣ್ಣೆಯದಲ್ಲ, ಅದರಲ್ಲಿ ಅಚ್ಚಿನ ಮಸಿ ಕರಗಿದಾಗ ಏಳುವ, ಮೂಗಿಗೆ ಹತ್ತಿಕೊಂಡು ಬಿಡದ ವಾಸನೆ. ಹಳೆಯ ಪ್ರೆಸ್ಸಿನ ಕಟ್ಟೆಯ ಮೇಲೆ ಒಬ್ಬರು ತಗಡಿನ ಡಬ್ಬಿ ಇಟ್ಟುಕೊಂಡು ಸೀಸದ ಮೊಳೆಗಳನ್ನು ತೊಳೆಯುತ್ತಿದ್ದರು. ಒಂದೊಂದೇ ಅಕ್ಷರ ಜೋಡಿಸಿ ಪುಟ ಕಟ್ಟುತ್ತಿದ್ದ ಕಾಲದ ಮೊಳೆಗಳು. ಎಲ್ಲವೂ ಗುಜರಿಗೆ ಹೋಗುತ್ತವೆ ಎಂದರು. ಹಾಗಿದ್ದರೆ ಯಾಕೆ ತೊಳೆಯುತ್ತೀರಿ ಎಂದು ಕೇಳಿದೆ.

"ಕೈ ಸುಮ್ನಿರಂಗಿಲ್ರೀ," ಎಂದು ನಕ್ಕರು.

ಆ ಪ್ರೆಸ್ಸಿನ ಹಿಂದಿನ ಖೋಲಿಯಲ್ಲಿ ನಾನು ಕಂಪ್ಯೂಟರ್ ಕಲಿತಿದ್ದೆ. ಸರ್ ಈಗ ಎಲ್ಲಿದ್ದಾರೆ ಎಂದು ಕೇಳಿದಾಗ ಅವರ ಕೈ ನಿಂತಿತು.

"ಸರ್ ಹೋಗಿ ವರ್ಷದ ಮ್ಯಾಲಾತು. ನಿಮಗ ಖಬರ ಇಲ್ಲೇನ್ರಿ?"

ಇರಲಿಲ್ಲ. ಗದಗಿನಲ್ಲೇ ಇದ್ದೇನೆ, ಒಂದು ಕಾಲೇಜಿನಲ್ಲಿ ಅವರು ಕಲಿಸಿದ್ದನ್ನೇ ಕಲಿಸುತ್ತೇನೆ. ಆದರೂ ಇರಲಿಲ್ಲ...

ನಾವು ಅವರನ್ನು ಸರ್ ಎಂದಷ್ಟೇ ಕರೆಯುತ್ತಿದ್ದೆವು. ಕಂಪ್ಯೂಟರ್ ಬರುವ ಮೊದಲು ಅದೇ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದರು. ಡಿಗ್ರಿಯಲ್ಲಿ ಗಣಿತ ಓದಿದವರು. ಮೊಳೆ ಜೋಡಿಸುವ ಕೆಲಸ ಕಡಿಮೆಯಾಗುತ್ತ ಬಂದಂತೆ ಮಾಲಕರಿಂದ ಹಿಂದಿನ ಖೋಲಿ ಬಿಡಿಸಿಕೊಂಡು, ಬಿಡಿಭಾಗ ತಂದು ಕಂಪ್ಯೂಟರ್ ಕಟ್ಟಿ, ಕ್ಲಾಸು ಸುರು ಮಾಡಿದ್ದರು. ಗದಗ ಜಿಲ್ಲೆಯಾಗಿ ಕೆಲವೇ ವರ್ಷಗಳಾಗಿದ್ದವು. ಕಚೇರಿಗಳ ಮುಂದಿನ ಫಲಕಗಳಲ್ಲಿ ಬಣ್ಣ ಇನ್ನೂ ಹೊಸದಾಗಿತ್ತು. ನಾನು ನಮ್ಮೂರು ಹೊಂಬಳದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಬಸ್ಸು ತಪ್ಪಿದ ದಿನ ಅಣ್ಣ ಟ್ರ್ಯಾಕ್ಟರಿನಲ್ಲಿ ತಂದು ಬಿಡುತ್ತಿದ್ದ.

ಸರ್ ಪ್ರೆಸ್ಸಿನ ಪದ್ಧತಿಗಳನ್ನು ಕಂಪ್ಯೂಟರಿಗೂ ತಂದಿದ್ದರು. ಅದರಲ್ಲಿ ಒಂದು, ಕೂಗಿ ಓದುವುದು. ಪ್ರೆಸ್ಸಿನಲ್ಲಿ ಒಬ್ಬರು ಮೂಲ ಪ್ರತಿಯನ್ನು ದನಿ ಎತ್ತಿ ಓದುತ್ತಾರೆ. ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾರೆ. ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಾರೆ. ಕಣ್ಣು ತಾನು ಬಯಸಿದ್ದನ್ನೇ ಓದಿಬಿಡುತ್ತದೆ, ಕಿವಿ ಹಾಗೆ ಮಾಡುವುದಿಲ್ಲ ಎಂಬುದು ಅವರ ನಂಬಿಕೆ. ನಮ್ಮ ಪ್ರೋಗ್ರಾಮಿನಲ್ಲಿ ತಪ್ಪು ಬಂದರೆ ಇಬ್ಬಿಬ್ಬರನ್ನು ಕೂರಿಸಿ ಹಾಗೆಯೇ ಓದಿಸುತ್ತಿದ್ದರು. ಕಂಸ ತೆರೆ, ಕಂಸ ಮುಚ್ಚು, ಅರ್ಧವಿರಾಮ ಎಂದು ನಾವು ಕೂಗುತ್ತಿದ್ದರೆ ಹೊರಗಿನ ಓಣಿಯವರು ಇದೇನು ಪಾಠಶಾಲೆ ಎಂದು ಇಣುಕಿ ನಗುತ್ತಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಅದನ್ನು ಅವರು ಕಲಿಸಲಿಲ್ಲ, ಅದು ಅವರ ಕೈಯಲ್ಲೇ ಇತ್ತು. ಪುಟ ಕಟ್ಟುವಾಗ ಯಾವುದೋ ಅಕ್ಷರದ ಮೊಳೆ ಮುಗಿದುಹೋದರೆ ಪ್ರೆಸ್ಸಿನವರು ಕೆಲಸ ನಿಲ್ಲಿಸುತ್ತಿರಲಿಲ್ಲ. ಪಕ್ಕದ ಪ್ರೆಸ್ಸಿಗೆ ಹೋಗಿ ಆ ಅಕ್ಷರವನ್ನು ಕಡ ತರುತ್ತಿದ್ದರು. ಅಚ್ಚಾದ ಮೇಲೆ ತೊಳೆದು ಹಿಂದಿರುಗಿಸುತ್ತಿದ್ದರು. ಕಡ ತಂದ ಅಕ್ಷರದ ಮೈಕಟ್ಟು ಸ್ವಲ್ಪ ಬೇರೆ ಇರುತ್ತಿತ್ತು. ಆದರೆ ಅದು ಪ್ರೂಫಿನಲ್ಲಿ ಕಣ್ಣಿಗೆ ಕಾಣುತ್ತಿತ್ತು, ತೀರ ಅಸಹ್ಯವಾದರೆ ಬದಲಿಸುತ್ತಿದ್ದರು. ಯಾರಿಗೂ ಅದರಿಂದ ಕೇಡಾಗುತ್ತಿರಲಿಲ್ಲ.

ಆ ದಿನಗಳಲ್ಲಿ ಸರ್ ಇನ್ನೊಂದು ಕೆಲಸವನ್ನೂ ಹಚ್ಚಿಕೊಂಡಿದ್ದರು. ನಮ್ಮ ಕಡೆ ಅಪರೂಪದ ಗುಂಪಿನ ರಕ್ತ ಬೇಕಾದರೆ ಜನ ಹುಬ್ಬಳ್ಳಿಗೆ ಓಡಬೇಕಾಗುತ್ತಿತ್ತು. ಹಾಗಾಗಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಮತ್ತು ನಮ್ಮ ಗದಗ-ಬೆಟಗೇರಿ ಅವಳಿ ಊರಿನಲ್ಲಿ ರಕ್ತ ಕೊಡಲು ಒಪ್ಪಿದವರನ್ನು ಕಂಡು, ಅವರ ಗುಂಪು ಪರೀಕ್ಷೆ ಮಾಡಿಸಿ, ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದ್ದರು. ಬಹಳ ಜನಕ್ಕೆ ತಮ್ಮ ರಕ್ತದ ಗುಂಪು ನೆನಪಿರುತ್ತಿರಲಿಲ್ಲ. ಮನೆಯಲ್ಲಿ ಫೋನೂ ಇರುತ್ತಿರಲಿಲ್ಲ. ಓಣಿಯ ಯಾವುದೋ ಅಂಗಡಿಯ ನಂಬರು. ಅಂಗಡಿಯವರಿಗೆ ಹೇಳಿದರೆ ಅವರು ಇವರನ್ನು ಕರೆದು, ಗದಗಿಗೆ ಹೋಗು ಎನ್ನುತ್ತಿದ್ದರು. ಸರ್ ತಾವೇ ಬರೆದ ಪ್ರೋಗ್ರಾಮಿಗೆ ಗುಂಪು ಹೇಳಿದರೆ ಆ ಗುಂಪಿನವರ ಹೆಸರು, ಊರು, ಫೋನ್ ನಂಬರು ಪರದೆಯ ಮೇಲೆ ಬರುತ್ತಿದ್ದವು. ಅಷ್ಟೇ. ಆ ಅಷ್ಟರಿಂದ ಹಲವರು ಬದುಕಿದ್ದರು.

ಮುಂಗಾರಿನ ಒಂದು ಸಿಡಿಲಿಗೆ ಆ ಕಂಪ್ಯೂಟರ್ ಸುಟ್ಟುಹೋಯಿತು. ಡಿಸ್ಕು ಉಳಿಯಿತು. ಸರ್ ಹೊಸ ಕಂಪ್ಯೂಟರ್ ಕಟ್ಟಿ ಅದಕ್ಕೆ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಹೊಸ ಆವೃತ್ತಿ ಹಾಕಿದರು. ಹಳೆಯ ಡಿಸ್ಕಿನಲ್ಲಿದ್ದ ಸಿದ್ಧ ಪ್ರೋಗ್ರಾಮು ಹೊಸದರಲ್ಲಿ ಮೇಲೇಳಲೇ ಇಲ್ಲ. ಬರೆದ ಮೂಲದಿಂದ ಅದನ್ನು ಮತ್ತೆ ಕಟ್ಟಬೇಕಾಯಿತು. ಕಟ್ಟಲು ಹೋದರೆ ಪರದೆಯ ತುಂಬ ತಪ್ಪುಗಳ ಸಾಲು.

ಕಾರಣವನ್ನು ಸರ್ ನಮಗೆ ಹೀಗೆ ತಿಳಿಸಿದ್ದರು. ದಾಖಲೆಗಳನ್ನು ಹುಡುಕಿ ಕೊಡುವಂಥ ಕೆಲಸಗಳನ್ನು ನಾವು ಬರೆಯುವುದಿಲ್ಲ. ಅವು ವ್ಯವಸ್ಥೆಯ ಲೈಬ್ರರಿಯಲ್ಲಿ ಸಿದ್ಧವಾಗಿರುತ್ತವೆ. ಆ ಲೈಬ್ರರಿಯಲ್ಲಿ ಏನೇನಿದೆ, ಯಾವುದರ ಪಕ್ಕ ಯಾವುದು ಕೂತಿದೆ ಎಂದು ನಮ್ಮ ಪ್ರೋಗ್ರಾಮಿಗೆ ಹೇಳುವುದು ಹೆಡರ್ ಎಂಬ ಕಡತ. ಹೊಸ ಆವೃತ್ತಿಯಲ್ಲಿ ಲೈಬ್ರರಿ ಬದಲಾಗಿದೆ, ಅದರ ಹೆಡರೂ ಬದಲಾಗಿದೆ. ನಮ್ಮ ಪ್ರೋಗ್ರಾಮು ಹಳೆಯ ಹೆಸರುಗಳನ್ನು ಕೇಳುತ್ತಿದೆ, ಅಂಥವರು ಇಲ್ಲಿ ಯಾರೂ ಇಲ್ಲ ಎಂದು ಉತ್ತರ ಬರುತ್ತಿದೆ. ಅವರು ಒಂದೊಂದೇ ತಪ್ಪನ್ನು ಓದಿ, ಹೊಸ ಹೆಡರ್ ತೆರೆದು ನೋಡಿ, ಒಂದೊಂದೇ ಸಾಲು ತಿದ್ದುತ್ತ ಬಂದಿದ್ದರು. ಅರ್ಧದಷ್ಟು ತಪ್ಪುಗಳು ಹೋಗಿದ್ದವು. ಇನ್ನರ್ಧ ಉಳಿದಿದ್ದವು.

ಆಗ ನನ್ನ ವೈನಿಗೆ ಹೆರಿಗೆ ಆಯಿತು.

ವೈನಿ ಎಂದರೆ ಅಣ್ಣನ ಹೆಂಡತಿ. ಹೊಂಬಳದಿಂದ ಹಿಂದಿನ ದಿನವೇ ಗದಗಿನ ಆಸ್ಪತ್ರೆಗೆ ತಂದಿದ್ದೆವು. ಮುಂಜಾನೆ ಹೆಣ್ಣು ಮಗು ಹುಟ್ಟಿತು, ಮಗು ಚೆನ್ನಾಗಿತ್ತು. ಅವ್ವ ಕೂಸಿನ ಮುಖ ನೋಡಿ, "ಮೂಗು ನಮ್ಮ ಮನಿದಲ್ಲ ಬಿಡು, ಅವರವ್ವಂದು," ಎಂದಳು. ವೈನಿ ಮಲಗಿದಲ್ಲೇ, "ಬಣ್ಣ ನಿಮ್ಮ ಮನಿದ ಐತಿ, ಅದಕ್ಕ ನಾ ಅಳಾಕತ್ತೀನಿ," ಎಂದಳು. ಎಲ್ಲರೂ ನಕ್ಕೆವು. ನಾನು ಕ್ಲಾಸಿಗೆ ಹೊರಟು ಬಂದೆ.

ಬಂದು ಕುಳಿತಿದ್ದೆ ಅಷ್ಟೇ, ಪ್ರೆಸ್ಸಿನ ಫೋನಿಗೆ ಅಣ್ಣನ ಕರೆ ಬಂತು. ವೈನಿಗೆ ರಕ್ತ ಹೋಗುವುದು ನಿಂತಿಲ್ಲ. ಓ ನೆಗೆಟಿವ್ ಬೇಕು. ರಕ್ತನಿಧಿಯಲ್ಲಿ ಆ ಗುಂಪು ಇಲ್ಲ. ನಮ್ಮ ಸಂಬಂಧಿಕರು ಹುಬ್ಬಳ್ಳಿಗೆ ಹೊರಟಿದ್ದಾರೆ, ಅಲ್ಲಿಯೂ ಸಿಗುವ ಖಾತ್ರಿ ಇಲ್ಲ.

"ನಿಮ್ಮ ಸರ್ ಹತ್ರ ಹೆಸರು ಅದಾವಂತಿದ್ದೆಲ್ಲ, ಕೇಳ. ಜಲ್ದಿ ಕೇಳ," ಎಂದ. ಅವನ ದನಿ ಅವನದಾಗಿರಲಿಲ್ಲ.

ಸರ್ ಪಕ್ಕದಲ್ಲೇ ನಿಂತಿದ್ದರು. ಎಲ್ಲವೂ ಕೇಳಿಸಿತ್ತು. ಅವರು ಹೋಗಿ ಹೊಸ ಕಂಪ್ಯೂಟರಿನ ಮುಂದೆ ಕುಳಿತರು. ಉಳಿದ ತಪ್ಪುಗಳ ಸಾಲನ್ನು ಮೇಲಿಂದ ಕೆಳಗೆ ನೋಡಿದರು. ನಾನು ಅವರ ಬಲಗಡೆ ನಿಂತಿದ್ದೆ, ಹಾಗಾಗಿ ಆಮೇಲೆ ಅವರು ಮಾಡಿದ್ದನ್ನು ನಾನು ಕಂಡೆ. ತಿದ್ದಿದ ಪ್ರತಿಯನ್ನು ಬದಿಗಿಟ್ಟು, ಹಳೆಯ ಡಿಸ್ಕಿನೊಳಗೆ ಹೋಗಿ ಅಲ್ಲಿದ್ದ ತಿದ್ದದ ಮೂಲವನ್ನೂ ಹಳೆಯ ಹೆಡರನ್ನೂ ತಂದು, ಹೆಡರನ್ನು ಹೊಸದರ ಜಾಗದಲ್ಲಿ ಇಟ್ಟರು. ಕೈ ತಾನಾಗಿ ಮಾಡಿದಂತೆ ಮಾಡಿದರು. ಮೊಳೆ ಕಡಿಮೆ ಬಿದ್ದಿತ್ತು, ಪಕ್ಕದಿಂದ ಕಡ ತಂದರು. ಮತ್ತೆ ಕಟ್ಟಿದರು. ಒಂದೂ ತಪ್ಪು ಬರಲಿಲ್ಲ. ಪರದೆ ಖಾಲಿಯಾಗಿತ್ತು.

"ಆತು," ಎಂದರು.

ಓ ನೆಗೆಟಿವ್ ಕೇಳಿದಾಗ ಮೇಲೆ ಗುಂಪಿನ ಹೆಸರು, ಅದರ ಕೆಳಗೆ ಮೂರು ಜನ ಬಂದರು. ಶಿರಹಟ್ಟಿಯ ಒಬ್ಬರು, ಲಕ್ಷ್ಮೇಶ್ವರದ ಒಬ್ಬರು, ಮುಂಡರಗಿಯ ಒಬ್ಬರು. ಸರ್ ಮೂರೂ ಊರಿನ ಅಂಗಡಿಗಳಿಗೆ ಫೋನ್ ಮಾಡಿದರು. ಮೂರೂ ಕಡೆಯವರು ಕಳಿಸುತ್ತೇವೆ ಎಂದರು. ಫೋನ್ ಇಟ್ಟ ಮೇಲೆ ಸರ್ ನನಗೆ, "ನೀ ಆಸ್ಪತ್ರಿಗೆ ಹೋಗು ತಂಗಿ. ಬಂದವ್ರನ್ನ ಒಳಗ ಕರಕೊಂಡು ಹೋಗಾಕ ಯಾರರ ಬೇಕು," ಎಂದರು.

ಮುಂದಿನದನ್ನು ನಿಧಾನವಾಗಿ ನೆನಪಿಸಿಕೊಳ್ಳಬೇಕು. ಅವಸರ ಮಾಡಿದರೆ ಒಂದರ ಮೇಲೊಂದು ಬೀಳುತ್ತದೆ...

ಮೊದಲು ಬಂದವರು ಶಿರಹಟ್ಟಿಯವರು, ವಯಸ್ಸಾದ ಹೊಲಿಗೆಯವರು. ಟೇಪು ಇನ್ನೂ ಕೊರಳಲ್ಲೇ ಇತ್ತು. ಒಳಗೆ ಕರೆದೊಯ್ದರು, ಬೆರಳು ಚುಚ್ಚಿ ಗುಂಪು ನೋಡಿದರು. ಬಿ ಪಾಸಿಟಿವ್. ಹೊಂದುವುದಿಲ್ಲ. ಹಿಂದೆ ಯಾರೋ ಪರೀಕ್ಷೆ ಮಾಡುವಾಗ ತಪ್ಪಾಗಿ ಬರೆದಿರಬೇಕು ಎಂದು ನಾವೆಲ್ಲ ಅಂದುಕೊಂಡೆವು. ಇನ್ನಿಬ್ಬರು ಬರುತ್ತಿದ್ದಾರಲ್ಲ.

ಎರಡನೆಯವರು ಲಕ್ಷ್ಮೇಶ್ವರದ ಬಳೆ ವ್ಯಾಪಾರಿ, ಮುಸಲ್ಮಾನರು, ದೊಡ್ಡ ಆಳು. ಬಸ್ಸಿನಲ್ಲಿ ನಿಂತೇ ಬಂದಿದ್ದರು. ತೋಳೇರಿಸಿಕೊಂಡೇ ಒಳಗೆ ಬಂದರು. ಹೊರಗೆ ಬರುವಾಗ ಅವರ ಮುಖ ಇಳಿದಿತ್ತು.

"ನಂದು ಎ ಪಾಸಿಟಿವ್ ಅಂತ್ರಿ. ಇಷ್ಟ ಮೈ ಬೆಳಸಿ ಏನ್ ಉಪಯೋಗ ಆತ್ರಿ?" ಎಂದರು. ಹುಬ್ಬಳ್ಳಿಗೆ ಹೋದವರ ಸುದ್ದಿ ಇರಲಿಲ್ಲ, ಅಣ್ಣ ಗೋಡೆಗೆ ತಲೆ ಆನಿಸಿ ನಿಂತಿದ್ದ. ಅವನನ್ನು ನೋಡಿ ಅವರ ದನಿ ತಗ್ಗಿತು. "ನಾ ಇಲ್ಲೇ ಕುಂತಿರ್ತೀನಿ. ಏನರ ತರೂದು ಒಯ್ಯೂದು ಇದ್ರ ಹೇಳ್ರಿ."

ಒಳಗಿನಿಂದ ಬಂದ ಡಾಕ್ಟರ್ ಬಾಯಿಯವರು, ಹೆರಿಗೆ ಮಾಡಿಸಿದ ಮಹಿಳಾ ಡಾಕ್ಟರು, ಅಣ್ಣನನ್ನು ಕರೆದು, ಹೆಚ್ಚು ಹೊತ್ತು ಕಾಯಲು ಆಗುವುದಿಲ್ಲ, ಗರ್ಭಕೋಶ ತೆಗೆಯಬೇಕಾಗಬಹುದು, ಅದಕ್ಕೂ ರಕ್ತ ಬೇಕು ಎಂದರು. ಅಣ್ಣ ಏನು ಹೇಳಿದನೋ ನನಗೆ ಕೇಳಲಿಲ್ಲ. ನಾನು ಆಗಲೇ ರಿಕ್ಷಾ ಹಿಡಿದು ಬೆಟಗೇರಿಗೆ ಹೊರಟಿದ್ದೆ. ಫೋನಿನಲ್ಲಿ ಹೇಳಬಹುದಿತ್ತು. ಹೋಗಿ ಹೇಳಬೇಕು ಎಂದು ಯಾಕೆ ಅನಿಸಿತೋ ಗೊತ್ತಿಲ್ಲ.

ಸರ್ ಬಾಗಿಲಲ್ಲೇ ನಿಂತಿದ್ದರು. ಇಬ್ಬರದೂ ಹೊಂದಲಿಲ್ಲ ಎಂದೆ. ಅವರ ಮುಖದಲ್ಲಿ ಆಗ ಏನಾಯಿತೋ ಅದನ್ನು ನಾನು ಬರೆಯಲಾರೆ.

"ಒಬ್ಬರದು ತಪ್ಪಿದ್ರ ಪರೀಕ್ಷಾ ಮಾಡಿದವ್ರ ತಪ್ಪು ಅನಬಹುದು," ಎಂದರು. "ಇಬ್ಬರದೂ ತಪ್ಪಿದ್ರ ನಂದು."

ಅವರು ಎರಡೂ ಹೆಡರುಗಳನ್ನು, ಹಳೆಯದು ಮತ್ತು ಹೊಸದು, ಮುದ್ರಿಸಿಕೊಂಡರು. ಆ ಪ್ರಿಂಟರಿನ ಸದ್ದು ಅಷ್ಟು ನಿಧಾನ ಎಂದು ನನಗೆ ಆವರೆಗೆ ಅನಿಸಿರಲಿಲ್ಲ. ಹಳೆಯದನ್ನು ನನ್ನ ಕೈಗೆ ಕೊಟ್ಟು, ಹೊಸದನ್ನು ಮೇಜಿನ ಮೇಲೆ ಹಾಸಿ ಬೆರಳಿಟ್ಟರು.

"ಓದು ತಂಗಿ. ಸಾವಕಾಶ. ಒಂದ ಅರ್ಧವಿರಾಮಾನೂ ಬಿಡಬ್ಯಾಡ."

ಓದಿದೆ. ಆಸ್ಪತ್ರೆಯಲ್ಲಿ ವೈನಿ ಮಲಗಿದ್ದಳು, ನಾನು ಇಲ್ಲಿ ಕಂಸ ತೆರೆ, ಕಂಸ ಮುಚ್ಚು ಎಂದು ಓದುತ್ತಿದ್ದೆ. ನಡುವೆ ಒಮ್ಮೆ ಅಳು ಬಂದು ದನಿ ಒಡೆಯಿತು. ಸರ್ ಬೆರಳನ್ನು ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಹಾಗೆಯೇ ಕಾದರು. ನಾನು ಮತ್ತೆ ಓದಿದೆ. ಹೊರಗೆ ಪ್ರೆಸ್ಸಿನಲ್ಲಿ ಯಾರೋ ಕಾಗದ ಕತ್ತರಿಸುತ್ತಿದ್ದರು.

ಹುಡುಕಿದ ದಾಖಲೆಯನ್ನು ಲೈಬ್ರರಿ ನಮಗೆ ಯಾವ ರೂಪದಲ್ಲಿ ಕೊಡುತ್ತದೆ ಎಂಬ ಭಾಗಕ್ಕೆ ಬಂದೆವು. ಮೊದಲನೆಯ ಸಾಲು ಓದಿದೆ. ಎರಡನೆಯದು ಓದಿದೆ, ಸಿಕ್ಕ ದಾಖಲೆಯ ಸಂಖ್ಯೆ ಇರುವ ಜಾಗ.

"ನಿಲ್ಲು," ಎಂದರು. "ಅದನ್ನ ಇನ್ನೊಮ್ಮೆ ಓದು."

ಓದಿದೆ.

ಅವರ ಬೆರಳು ನಿಂತ ಸಾಲಿನಲ್ಲಿ ಬೇರೆಯೇ ಇತ್ತು. ಹೊಸ ಹೆಡರಿನಲ್ಲಿ ಆ ಎರಡು ಸಾಲುಗಳ ನಡುವೆ ಇನ್ನೊಂದು ಸಾಲು ಬಂದು ಕೂತಿತ್ತು, ಮುಂದಿನ ದಾಖಲೆಯ ಸಂಖ್ಯೆ. ಹಳೆಯ ಹೆಡರ್ ನಮ್ಮ ಪ್ರೋಗ್ರಾಮಿಗೆ, ಎರಡನೆಯ ಜಾಗದಲ್ಲಿ ಇರುವುದೇ ಸಿಕ್ಕ ದಾಖಲೆ, ಅದನ್ನೇ ಎತ್ತಿಕೋ ಎಂದು ಹೇಳಿತ್ತು. ಲೈಬ್ರರಿ ಅಲ್ಲಿ ಇಟ್ಟಿದ್ದು ಮುಂದಿನದನ್ನು. ಅಂದರೆ ಅದು ಹುಡುಕಿದ್ದು ಸರಿಯಾಗಿಯೇ ಇತ್ತು. ಓ ನೆಗೆಟಿವ್ ಇದ್ದವರನ್ನೇ ಹುಡುಕಿತ್ತು. ನಾವು ಮಾತ್ರ ಪ್ರತಿಸಲವೂ ಅವರನ್ನು ಬಿಟ್ಟು ಅವರ ಮುಂದೆ ನಿಂತವರ ಹೆಸರನ್ನು ಎತ್ತಿಕೊಂಡಿದ್ದೆವು.

ಮೊಳೆಯನ್ನು ಕಡ ತಂದರೆ ಅದು ಪ್ರೂಫಿನಲ್ಲಿ ಕಾಣುತ್ತದೆ. ಇದು ಕಂಡಿರಲಿಲ್ಲ. ಎಲ್ಲ ಅಕ್ಷರವೂ ಚೆಂದವಾಗಿ, ಮೇಲೆ ಗುಂಪಿನ ಹೆಸರಿನ ಸಮೇತ ಬಂದಿತ್ತು.

ಸರ್ ಕಡ ತಂದ ಹೆಡರನ್ನು ತೆಗೆದು ಹೊಸದನ್ನು ಅದರ ಜಾಗಕ್ಕೆ ಮರಳಿ ಇಟ್ಟರು, ಬದಿಗಿಟ್ಟಿದ್ದ ತಿದ್ದಿದ ಪ್ರತಿಯನ್ನೂ ತೆಗೆದುಕೊಂಡರು. ಕಟ್ಟಿದರು. ಮುಂಜಾನೆಯ ತಪ್ಪುಗಳೆಲ್ಲ ಒಟ್ಟಿಗೆ ಪರದೆಯ ಮೇಲೆ ಬಂದವು. "ಇವು ಖರೆ ಹೇಳಾಕತ್ತಿದ್ವು," ಎಂದರು. ನನಗೆ ಹೇಳಿದ್ದಲ್ಲ. ನಾನು ತಪ್ಪಿನ ಸಾಲು ಓದಿದೆ, ಅವರು ತಿದ್ದಿದರು, ಮುಂದಿನದನ್ನು ಓದಿದೆ, ತಿದ್ದಿದರು. ಒಂದು ಸಾಲನ್ನೂ ಹಾರಿಸಲಿಲ್ಲ. ಕೊನೆಗೆ ಕಟ್ಟಿ ಮುಗಿದಾಗ ಮೊದಲು ತಮ್ಮದೇ ಗುಂಪು ಕೊಟ್ಟು ತಮ್ಮ ಹೆಸರು ಬರುತ್ತದೆಯೇ ಎಂದು ನೋಡಿದರು. ಬಂತು. ಆಮೇಲೆ ಓ ನೆಗೆಟಿವ್ ಕೇಳಿದರು.

ಬಂದ ಮೂರು ಹೆಸರುಗಳಲ್ಲಿ ಮೊದಲನೆಯದು ಬೆಟಗೇರಿಯದೇ. ನೇಕಾರರ ಓಣಿ. ಪ್ರೆಸ್ಸಿನಿಂದ ನಡೆದು ಹೋಗುವಷ್ಟು ದೂರ.

ನಾವು ಓಡಿದೆವು. ಸರ್ ಅಷ್ಟು ವೇಗವಾಗಿ ನಡೆದದ್ದನ್ನೂ ನಾನು ಕಂಡಿರಲಿಲ್ಲ. ಪಟ್ಟಿಯಲ್ಲಿದ್ದ ಹೆಣ್ಣುಮಗಳು ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟು ಕುಳಿತು ಸೀರೆ ನೇಯುತ್ತಿದ್ದರು. ಸರ್ ಹೊಸಲಲ್ಲೇ ನಿಂತು ಕೇಳಿದರು.

"ಯವ್ವಾ, ನಿಮ್ಮ ರಕ್ತದ ಗುಂಪು ಯಾವುದು?"

"ಓ ನೆಗೆಟಿವ್ ಅಂತ ನೀವ ಹೇಳಿ ಹೋಗಿದ್ರೆಲ್ರೀ ಸರ್. ಮರತ್ರೇನು?" ಎಂದರು ಆಕೆ, ನಗುತ್ತ. ನಮ್ಮ ಮುಖ ನೋಡಿ ನಗು ನಿಂತಿತು. ಲಾಳಿ ಕೆಳಗಿಟ್ಟು ಎದ್ದರು, ಸೆರಗಿಗೆ ಕೈ ಒರೆಸಿಕೊಂಡರು. ರಿಕ್ಷಾ ಹತ್ತುವಾಗ ಕೇಳಿದರು, "ಎಷ್ಟೊತ್ತಿನಿಂದ ಹುಡಕಾಕತ್ತೀರಿ?"

"ಮುಂಜಾನಿಂದ," ಎಂದೆ.

"ನಾ ಮುಂಜಾನಿಂದ ಇಲ್ಲೇ ಅದೀನಲ್ಲವಾ."

ಪಟ್ಟಿಯ ಉಳಿದಿಬ್ಬರಿಗೂ ಸರ್ ಹೊರಡುವ ಮೊದಲೇ ಫೋನ್ ಮಾಡಿದ್ದರು; ಅವರಲ್ಲಿ ಗದಗಿನ ಪಕ್ಕದ ಕಣಗಿನಹಾಳದವರು ಹಿಂದೆಯೇ ಬಂದರು. ರಕ್ತ ಸಿಕ್ಕಿತು. ಅಷ್ಟರಲ್ಲಿ ವೈನಿಯನ್ನು ಆಪರೇಶನ್ನಿಗೆ ಒಳಗೆ ಒಯ್ದಿದ್ದರು.

ಹೊರಗೆ ಬೆಂಚಿನ ಮೇಲೆ ಅವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಅಣ್ಣ ನಿಂತಿದ್ದ. ಬಳೆ ವ್ಯಾಪಾರಿ ಇನ್ನೂ ಅಲ್ಲೇ ಇದ್ದರು. ಮುಂಡರಗಿಯಿಂದ ಬಂದು ಗುಂಪು ಹೊಂದದೆ ಕುಳಿತಿದ್ದ ಮೂರನೆಯವರಿಗೆ ಚಹಾ ಕುಡಿಸುತ್ತಿದ್ದರು. ಸರ್ ನೇರವಾಗಿ ಅಣ್ಣನ ಮುಂದೆ ಹೋಗಿ ನಿಂತರು. ಒಳಗೆ ಏನಾಗುತ್ತದೆ ಎಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ.

"ಮುಂಜಾನೆ ಕೊಟ್ಟ ಹೆಸರು ತಪ್ಪಿದ್ವು," ಎಂದರು. "ಕಂಪ್ಯೂಟರ್ ತಪ್ಪಲ್ಲ. ಅವಸರ ಮಾಡಿ ನಾ ಮಾಡಿದ ತಪ್ಪು. ಸರಿ ಹೆಸರು ಬೆಟಗೇರಿಯಾಗ ಇತ್ತು. ಮುಂಜಾನೆನ ಸಿಗತಿತ್ತು."

ಅಣ್ಣ ಮೊದಲು ತಿಳಿಯದವನಂತೆ ನೋಡಿದ. ಆಮೇಲೆ ತಿಳಿಯಿತು. ಎರಡೂ ಕೈಯಿಂದ ಅವರ ಅಂಗಿ ಹಿಡಿದು ಗೋಡೆಗೆ ಒತ್ತಿದ. ಒಂದು ಗುಂಡಿ ಹರಿದು ಬಿತ್ತು. ಸರ್ ಕೈ ಎತ್ತಲಿಲ್ಲ. ಬಳೆ ವ್ಯಾಪಾರಿ ಎದ್ದು ನಡುವೆ ಬರುವಷ್ಟರಲ್ಲಿ ಅವ್ವನ ದನಿ ಬಂತು.

"ಬಿಡೋ ಅವರನ್ನ. ಹೇಳಾಕ ಬಂದಾರ. ಓಡಿ ಹೋಗೂದಿದ್ರ ಬರತಿದ್ರೇನು?"

ಅಣ್ಣ ಬಿಟ್ಟ. ಬಿಟ್ಟು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಸರ್ ಸ್ವಲ್ಪ ದೂರದಲ್ಲಿ ಗೋಡೆಗೆ ಆನಿಕೊಂಡು ನಿಂತರು. ಯಾರೂ ಅವರನ್ನು ಕುಳಿತುಕೊಳ್ಳಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ನಾನು ಇಬ್ಬರ ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕೂಸಿನ ಹತ್ತಿರ ಹೋದೆ.

ಸಂಜೆ ಡಾಕ್ಟರ್ ಬಾಯಿಯವರು ಹೊರಗೆ ಬಂದರು. ಜೀವಕ್ಕೆ ಅಪಾಯ ಇಲ್ಲ ಎಂದರು. ಗರ್ಭಕೋಶ ತೆಗೆದಿದ್ದರು. ಸರ್ ಮುಂದೆ ಬಂದು, ರಕ್ತ ಮುಂಜಾನೆಯೇ ಸಿಕ್ಕಿದ್ದರೆ ತೆಗೆಯುವುದು ತಪ್ಪುತ್ತಿತ್ತೇ ಎಂದು ಕೇಳಿದರು. ಅವರು ಸರ್ ಮುಖವನ್ನು ಒಂದು ಗಳಿಗೆ ನೋಡಿ, "ತಪ್ಪಬಹುದಿತ್ತು, ತಪ್ಪದೆಯೂ ಇರಬಹುದಿತ್ತು. ಅದನ್ನ ಹೇಳಾಕ ಬರೂದಿಲ್ರಿ," ಎಂದರು.

ಆ ಉತ್ತರ ಅವರಿಗೆ ಯಾವ ದಾರಿಯನ್ನೂ ಬಿಡಲಿಲ್ಲ. ತಪ್ಪುತ್ತಿತ್ತು ಎಂದಿದ್ದರೆ ಒಂದು ರೀತಿ, ತಪ್ಪುತ್ತಿರಲಿಲ್ಲ ಎಂದಿದ್ದರೆ ಇನ್ನೊಂದು ರೀತಿ.

ವೈನಿ ಮನೆಗೆ ಬಂದು, ಎದ್ದು ಓಡಾಡತೊಡಗಿದ ಮೇಲೆ ಒಂದು ಐತವಾರ ಸರ್ ಹೊಂಬಳಕ್ಕೆ ಬಂದರು. ಬಸ್ಸಿನಿಂದಿಳಿದು ಕೇಳಿಕೊಂಡು ಬಂದಿದ್ದರು. ಅಣ್ಣ ಹೊಲದಲ್ಲಿದ್ದ. ಪಡಸಾಲೆಯಲ್ಲಿ ಅವ್ವ ಚಾಪೆ ಹಾಸಿದಳು. ವೈನಿ ಕೂಸನ್ನು ಎತ್ತಿಕೊಂಡು ಬಾಗಿಲ ಹತ್ತಿರ ಕುಳಿತಳು. ನಡೆದದ್ದೆಲ್ಲ ಅವಳಿಗೆ ಆಗಲೇ ಗೊತ್ತಿತ್ತು, ನಾವು ಹೇಳಿದ್ದೆವು. ಆದರೂ ಸರ್ ಮೊದಲಿನಿಂದ ಹೇಳಿದರು. ಹೆಡರ್ ಎಂದರೇನು ಎಂಬುದನ್ನೂ ಹೇಳಿದರು, ಕ್ಲಾಸಿನಲ್ಲಿ ನಮಗೆ ಹೇಳಿದ ಹಾಗೆಯೇ. ವೈನಿ ಏಳನೆಯ ಇಯತ್ತೆ ಓದಿದವಳು. ಪೂರ್ತಿ ಕೇಳಿದಳು.

"ಒಂದ ಮಾತ ಕೇಳ್ತೀನ್ರಿ," ಎಂದಳು. "ನೀವ ಹೇಳದಿದ್ರ ನಮಗ ಇದು ಗೊತ್ತಾಗತಿತ್ತೇನು?"

"ಇಲ್ಲ."

"ಮತ್ತ್ಯಾಕ ಹೇಳಿದ್ರಿ?"

ಸರ್, "ನಾಳೆ ಮತ್ತ ಯಾರರ ರಕ್ತಕ್ಕಂತ ನನಗ ಫೋನ್ ಮಾಡ್ತಾರ," ಎಂದರು. "ಫೋನ್ ಎತ್ತಬೇಕಂದ್ರ ನಾ ಹೇಳಲೇಬೇಕಿತ್ತು."

ಕೂಸಿಗೆ ಹಾಲು ಕುಡಿಸುವ ಹೊತ್ತಾಗಿತ್ತು, ವೈನಿ ಎದ್ದು ಒಳಗೆ ಹೋದಳು. ಅವಳು ಹೊರಗೆ ಬರಬಹುದು ಎಂದು ಸರ್ ಬಹಳ ಹೊತ್ತು ಕುಳಿತಿದ್ದರು. ಅವಳು ಬರಲಿಲ್ಲ. ಅವ್ವ ಕೊಟ್ಟ ಚಹಾ ಕುಡಿದು, ನಮಸ್ಕಾರ ಮಾಡಿ ಹೋದರು. ನಾನು ಬಸ್ಸಿನವರೆಗೆ ಜೊತೆಗೆ ನಡೆದೆ. ದಾರಿಯಲ್ಲಿ ಹೊಸ ಆವೃತ್ತಿಯಲ್ಲಿ ಇನ್ನೂ ಯಾವ ಹೆಡರುಗಳು ಬದಲಾಗಿವೆ ಎಂದಷ್ಟೇ ಮಾತಾಡಿದರು.

ಅವರು ಆ ಕೆಲಸವನ್ನು ಬಿಡಲಿಲ್ಲ. ಮುಂದೆ ಯಾವ ಹೆಸರು ಬಂದರೂ ಅಂಗಡಿಯವರಿಗೆ ಸುದ್ದಿ ಹೇಳಿ ಬಿಡುತ್ತಿರಲಿಲ್ಲ. ರಕ್ತ ಕೊಡುವವರನ್ನೇ ಫೋನಿಗೆ ಕರೆಸಿ ಗುಂಪು ಹೇಳಿಸುತ್ತಿದ್ದರು. ನೆನಪಿಲ್ಲ ಎಂದವರ ಊರಿಗೆ ತಾವೇ ಹೋಗಿ ಅವರಿಗೆ ಬಾಯಿಪಾಠ ಮಾಡಿಸಿ ಬರುತ್ತಿದ್ದರು. ಮುಂಡರಗಿಯ ಸಂತೆಯಲ್ಲಿ ಒಬ್ಬರನ್ನು ನಿಲ್ಲಿಸಿ ಗುಂಪು ಒಪ್ಪಿಸಿ ಎಂದು ಕೇಳುತ್ತಿದ್ದುದನ್ನು ನಾನೇ ಒಮ್ಮೆ ಕಂಡೆ. ಆತ ನಗುತ್ತಿದ್ದ, ಸರ್ ನಗುತ್ತಿರಲಿಲ್ಲ. ಕ್ಲಾಸಿನಲ್ಲಿ ಮಾತ್ರ ಆ ದಿನದ ಸುದ್ದಿ ತೆಗೆಯಲಿಲ್ಲ. ನನಗೆ ಕೆಲಸ ಸಿಕ್ಕಿತು, ನಾನು ಆ ಓಣಿಗೆ ಹೋಗುವುದು ಕಡಿಮೆಯಾಯಿತು. ಆಮೇಲೆ ರಕ್ತನಿಧಿಗಳು ಹೆಚ್ಚಿದವು, ಎಲ್ಲರ ಕೈಗೂ ಫೋನು ಬಂತು. ಅವರಿಗೆ ಬರುವ ಕರೆಗಳು ನಿಂತಿರಬೇಕು... ಅದು ಯಾವಾಗ ಎಂದು ನನಗೆ ಗೊತ್ತಿಲ್ಲ.

ಅಣ್ಣ ವೈನಿಗೆ ಆ ಒಬ್ಬಳೇ ಮಗಳು. ಗಂಡು ಬೇಕು ಎಂದು ಅಣ್ಣ ಎಂದೂ ಅನ್ನಲಿಲ್ಲ. ಇನ್ನೊಂದು ಬೇಕಿತ್ತು ಎಂದು ವೈನಿ ಒಮ್ಮೆ, ಒಮ್ಮೆ ಮಾತ್ರ, ನನ್ನ ಮುಂದೆ ಅಂದಿದ್ದಳು. ಸರ್ ಹೆಸರನ್ನು ಅವಳು ಎತ್ತುತ್ತಿರಲಿಲ್ಲ. ಸಿಟ್ಟೋ, ಅಲ್ಲವೋ, ನನಗೆ ತಿಳಿಯುತ್ತಿರಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಸುದ್ದಿ ಸಿಕ್ಕ ವಾರ ನಾನು ಹೊಂಬಳಕ್ಕೆ ಹೋದೆ. ವೈನಿ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ತಲೆಯ ಮುಂಭಾಗ ಪೂರ್ತಿ ಬೆಳ್ಳಗಾಗಿದೆ. ಪಕ್ಕದಲ್ಲಿ ಕುಳಿತು ನಾನೂ ಬಿಡಿಸತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಸರ್ ತೀರಿಕೊಂಡರಂತೆ, ವರ್ಷದ ಮೇಲಾಯಿತಂತೆ ಎಂದೆ.

ಅವಳ ಕೈ ಶೇಂಗಾದ ಮೇಲೆ ಹಾಗೆಯೇ ಉಳಿಯಿತು.

"ವರ್ಷ ಆತು, ಯಾರೂ ಹೇಳಲಿಲ್ಲ ನಮಗ," ಎಂದಳು. "ನಾ ಅವರಿಗೆ ಒಂದ ಮಾತ ಹೇಳೂದಿತ್ತು. ಇವತ್ತ ಹೋಗೂಣು, ನಾಳೆ ಹೋಗೂಣು ಅಂತ ಹಂಗ ಉಳೀತು."

"ಏನದು ವೈನಿ?"

ಅವಳು ನನ್ನ ಕಡೆ ತಿರುಗಿದಳು. ಹೇಳುತ್ತಾಳೆ ಎಂದುಕೊಂಡೆ. ಅವಳು ಮತ್ತೆ ಮೊರಕ್ಕೆ ಕೈ ಹಾಕಿದಳು.

"ಅದು ಅವರಿಗೆ ಹೇಳೂದು," ಎಂದಳು.